ನಾಯಿಯ ಕತ್ತಿನ ಗಂಟು: ಉಣುಗು ಜ್ವರವೋ, ಲಿಂಫೋಮಾವೋ?

ನಾಯಿ ಊಟ ಮಾಡುತ್ತಿದೆ, ಗೇಟಿನ ಹತ್ತಿರ ಬೊಗಳುತ್ತಿದೆ, ತೋಟಕ್ಕೂ ಹಿಂದೆ ಬರುತ್ತಿದೆ. ಆದರೆ ಕತ್ತಿನ ಬೆಲ್ಟನ್ನು ಒಂದು ತೂತು ಸಡಿಲಿಸಿದರೆ ಮಾತ್ರ ಹಿಡಿಯುತ್ತದೆ. ಕೈಯಾಡಿಸಿದರೆ ದವಡೆಯ ಕೆಳಗೆ ಎರಡೂ ಕಡೆ ಗೋಟಡಿಕೆಯಂಥ ಗಂಟು. ಮುಟ್ಟಿದರೆ ನೋವಿಲ್ಲ. ಲಿಂಫೋಮಾ ಹೆಚ್ಚಾಗಿ ಮೊದಲು ಕಾಣಿಸುವುದು ಹೀಗೆಯೇ, ಸದ್ದಿಲ್ಲದೆ.

ಬಿಳಿ ರಕ್ತಕಣಗಳಲ್ಲಿ ಲಿಂಫೋಸೈಟ್ ಎಂಬುದೊಂದು ಬಗೆ. ಆ ಕಣಗಳು ಹತೋಟಿ ತಪ್ಪಿ ಬೆಳೆಯುವ ಕ್ಯಾನ್ಸರ್ ಇದು. ಮೈಯಲ್ಲಿ ಲಿಂಫೋಸೈಟ್ ಇರುವ ಯಾವ ಜಾಗದಲ್ಲಾದರೂ ಶುರುವಾಗಬಹುದು. ಆದರೂ 100 ನಾಯಿಗಳಲ್ಲಿ ಸುಮಾರು 80ರಲ್ಲಿ ಅದು ದುಗ್ಧಗ್ರಂಥಿಗಳಲ್ಲೇ (ಲಿಂಫ್ ನೋಡ್, ಲಿಂಫೋಸೈಟ್‌ಗಳು ಗುಂಪುಗೂಡುವ ಚಿಕ್ಕ ಗಂಟುಗಳು) ಮೊದಲು ತೋರುತ್ತದೆ, ಮೈತುಂಬ ಒಟ್ಟಿಗೆ.

ಮಲೆನಾಡಿನಲ್ಲಿ ಪತ್ತೆ ತಪ್ಪುವುದಕ್ಕೆ ಎರಡು ದಾರಿಗಳಿವೆ. ಗಂಟು ಕಂಡ ಕೂಡಲೇ 'ಇದು ಉಣುಗು ಜ್ವರ' ಎಂದು ತಿಂಗಳುಗಟ್ಟಲೆ ಮಾತ್ರೆ ನುಂಗಿಸುವುದು ಒಂದು. ಊತ ಇಳಿಯಲಿ ಎಂದು ಸ್ಟೆರಾಯ್ಡ್ ಚುಚ್ಚಿಸುವುದು ಇನ್ನೊಂದು. ಎರಡನೆಯದು ಹೆಚ್ಚು ಕೆಡುಕು. ಸ್ಟೆರಾಯ್ಡ್ ಬಿದ್ದ ಎರಡು ಮೂರು ದಿನಕ್ಕೆ ಲಿಂಫೋಮಾದ ಗಂಟು ಕರಗಿದಂತೆ ಇಳಿದುಬಿಡುತ್ತದೆ, ಮನೆಯವರು ಗುಣವಾಯಿತು ಎಂದುಕೊಳ್ಳುತ್ತಾರೆ. ಕೆಲವು ವಾರ ಕಳೆದು ಗಂಟು ಮರಳುವ ಹೊತ್ತಿಗೆ ಕ್ಯಾನ್ಸರ್ ಕಣಗಳು ಔಷಧಕ್ಕೆ ಒಗ್ಗಿಕೊಂಡಿರುತ್ತವೆ, ಮುಂದೆ ಕೊಡುವ ಕ್ಯಾನ್ಸರ್ ಔಷಧ, ಅಂದರೆ ಕೀಮೋ, ಅಷ್ಟು ನಾಟುವುದಿಲ್ಲ. ಸಾಲದ್ದಕ್ಕೆ, ಕುಗ್ಗಿದ ಗಂಟಿಗೆ ಸೂಜಿ ಹಾಕಿ ತೆಗೆದ ಕಣಗಳನ್ನು ಗಾಜಿನ ಸ್ಲೈಡಿನ ಮೇಲೆ ಸವರಿ ನೋಡಿದರೆ ಉತ್ತರವೂ ಸಿಗುವುದಿಲ್ಲ. ಹಾಗಾಗಿ ಈ ಕೈಪಿಡಿಯಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಗಂಟಿಗೆ ಸೂಜಿ ಹಾಕಿ ಸ್ಲೈಡ್ ಮಾಡುವ ತನಕ ಪ್ರೆಡ್ನಿಸೊಲೋನ್ ಆಗಲಿ, ಡೆಕ್ಸಾಮೆಥಾಸೋನ್ ಆಗಲಿ, ಯಾವ ಸ್ಟೆರಾಯ್ಡೂ ನಾಯಿಯ ಮೈಗೆ ಹೋಗಕೂಡದು. ಉಸಿರು ಕಟ್ಟುವಂಥ ತುರ್ತು ಇದ್ದರೆ ಮಾತು ಬೇರೆ, ಅದನ್ನು ವೈದ್ಯರು ನಿರ್ಧರಿಸಲಿ.

ಮೊದಲು ಕೈಯಿಂದ ಹುಡುಕಿ

ನಾಯಿಯ ಹಿಂದೆ, ಅದು ನೋಡುವ ದಿಕ್ಕಿಗೇ ಮುಖ ಮಾಡಿ ಕುಳಿತುಕೊಳ್ಳಿ. ಎರಡೂ ಕೈ ಒಟ್ಟಿಗೆ ಆಡಲಿ. ಎಡ ಬಲ ಒಂದೇ ಸಲ ಮುಟ್ಟಿದರೆ ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ.

ದವಡೆಯ ಮೂಲೆಯಲ್ಲಿ, ಚರ್ಮದ ಅಡಿಯಲ್ಲೇ ಜಾರುವ ಕಾಳುಗಳು ಸಿಗುತ್ತವೆ, ಒಂದೊಂದು ಕಡೆ ಎರಡು ಮೂರು. ಅದರ ಹಿಂದೆಯೇ ಸ್ವಲ್ಪ ದೊಡ್ಡದಾಗಿ, ಮೆತ್ತಗೆ, ತರಿತರಿಯಾಗಿ ಸಿಗುವುದು ಜೊಲ್ಲಿನ ಗ್ರಂಥಿ. ಅದು ಎಲ್ಲ ನಾಯಿಗೂ ಇರುತ್ತದೆ, ಅದನ್ನೇ ಗಡ್ಡೆ ಎಂದು ಹೆದರಿ ಓಡಿಬರುವವರು ಕಡಿಮೆಯಿಲ್ಲ. ಆಮೇಲೆ ಹೆಗಲ ಮೂಳೆಯ ಮುಂದೆ, ಕತ್ತು ಸೇರುವಲ್ಲಿ ಬೆರಳ ತುದಿಯನ್ನು ಒಳಗೆ ಒತ್ತಿ ನೋಡಿ. ನಂತರ ಕಂಕುಳು, ತೊಡೆಸಂದು. ಕೊನೆಗೆ ಹಿಂಗಾಲಿನ ಮಂಡಿಯ ಹಿಂಭಾಗ. ಅಲ್ಲಿ ಕಾಲನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಕೆಳಕ್ಕೆ ಜಾರಿಸಿದರೆ ಗ್ರಂಥಿ ಟಕ್ಕೆಂದು ಬೆರಳಿನಿಂದ ನುಣುಚಿಕೊಳ್ಳುತ್ತದೆ. 20-25 ಕೆ.ಜಿ.ಯ ಆರೋಗ್ಯವಂತ ನಾಯಿಯಲ್ಲಿ ಅದು ಬಟಾಣಿಗಿಂತ ದೊಡ್ಡದು, ಕಾಬೂಲ್ ಕಡಲೆಯಷ್ಟು. ಕಂಕುಳು ಮತ್ತು ತೊಡೆಸಂದಿನ ಗ್ರಂಥಿಗಳು ಆರೋಗ್ಯವಿದ್ದಾಗ ಕೈಗೆ ಸಿಗುವುದೇ ಕಷ್ಟ. ಅಲ್ಲಿಯೂ ಗಂಟು ಸ್ಪಷ್ಟವಾಗಿ ಸಿಕ್ಕಿತೆಂದರೆ ಅನುಮಾನ ಹೆಚ್ಚು. ದಪ್ಪ ನಾಯಿಯಲ್ಲಿ ಮಂಡಿಯ ಹಿಂದಿನ ಕೊಬ್ಬು ಕೈಗೆ ಮೋಸ ಮಾಡುತ್ತದೆ.

ಬಡಗಿಗಳ ಬಳಿ ಇರುವ ವರ್ನಿಯರ್ ಕ್ಯಾಲಿಪರ್ ಸಿಕ್ಕಿದರೆ ಮಿಲಿಮೀಟರಿನಲ್ಲಿ ಅಳೆದು ತಾರೀಕು ಸಮೇತ ಬರೆದಿಡಿ. 'ಸ್ವಲ್ಪ ಇಳಿದಿದೆ ಅನಿಸುತ್ತೆ' ಎಂಬ ಮಾತಿಗಿಂತ 34 ಇದ್ದದ್ದು 33 ಆಗಿದೆ ಎಂಬ ಲೆಕ್ಕ ವೈದ್ಯರಿಗೆ ನೂರು ಪಾಲು ಉಪಯೋಗ.

ಈಗ ಏನು ಸಿಕ್ಕಿತೋ ಅದರ ಮೇಲೆ ದಾರಿ ಕವಲೊಡೆಯುತ್ತದೆ.

ಒಂದೇ ಕಡೆ, ಒಂದೇ ಗಂಟು, ಮುಟ್ಟಿದರೆ ನೋವು, ಬಿಸಿ: ಮೊದಲು ಆ ಗ್ರಂಥಿಗೆ ಸೇರುವ ಭಾಗದಲ್ಲಿ ಗಾಯ ಹುಡುಕಿ. ದವಡೆಯ ಗಂಟಿಗೆ ಕೊಳೆತ ಹಲ್ಲು ಅಥವಾ ಬಾಯಿಯೊಳಗೆ ಚುಚ್ಚಿಕೊಂಡ ಮುಳ್ಳು. ಹೆಗಲ ಮುಂದಿನದಕ್ಕೆ ಮುಂಗಾಲಿನ ಬೆರಳಸಂದಿ, ಇಂಬಳ ಕಚ್ಚಿ ಕೀವಾದ ಜಾಗ, ಹಂದಿ ತಿವಿದ ಗಾಯ. ಮಂಡಿಯ ಹಿಂದಿನದಕ್ಕೆ ಹಿಂಗಾಲಿನ ಪಾದ. ಗಾಯ ಮಾಗಿದ ಎರಡು ಮೂರು ವಾರದಲ್ಲಿ ಗಂಟೂ ಇಳಿಯಬೇಕು, ಇಳಿಯದಿದ್ದರೆ ಸೂಜಿ ಪರೀಕ್ಷೆ.

ನಾಲ್ಕು ತಿಂಗಳ ಒಳಗಿನ ಮರಿ, ಮುಖ ಊದಿ ಕತ್ತಿನ ಗ್ರಂಥಿ ದಪ್ಪವಾಗಿದೆ: ಮರಿಗಳಿಗೇ ಬರುವ ಚರ್ಮದ ಉರಿಯೂತವೊಂದಿದೆ, ಅದಕ್ಕೆ ಚಿಕಿತ್ಸೆ ಬೇರೆ. ಲಿಂಫೋಮಾ ಆ ವಯಸ್ಸಿನಲ್ಲಿ ಬಲು ಅಪರೂಪ.

ಎರಡೂ ಕಡೆ, ಹಲವು ಜಾಗದಲ್ಲಿ, ನೋವಿಲ್ಲದೆ, ರಬ್ಬರಿನಂತೆ ಬಿಗಿಯಾಗಿ, ಚರ್ಮದಡಿ ಜಾರುವ ಗಂಟುಗಳು: ಇಲ್ಲಿ ಎದುರಿಗಿರುವ ಮುಖ್ಯ ಅನುಮಾನಗಳು ಎರಡು, ಉಣುಗು ಜ್ವರ ಮತ್ತು ಲಿಂಫೋಮಾ.

ಉಣುಗು ಜ್ವರದ ಪರೀಕ್ಷೆ, ಅದರಲ್ಲಿರುವ ಬಲೆ

ಉಣುಗು ಜ್ವರ ತರುವ ಎರ್ಲಿಕಿಯಾ ಎಂಬ ರೋಗಾಣುವನ್ನು ಹರಡುವುದು ಕಂದು ನಾಯಿ ಉಣುಗು. ಇದು ಕಾಡಿನದಲ್ಲ, ಮನೆಯದು. ಗೂಡಿನ ಬಿರುಕು, ಜಗಲಿಯ ಸಂದಿ, ಕೊಟ್ಟಿಗೆಯ ಗೋಡೆಯಲ್ಲಿ ಮೊಟ್ಟೆಯಿಟ್ಟು ವರ್ಷವಿಡೀ ಬದುಕುತ್ತದೆ. ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತಲ್ಲ, ಅದನ್ನು ಹರಡುವ ಕಾಡಿನ ಉಣುಗು ಬೇರೆ ಜಾತಿ. ಆದರೆ ಕಾನಿಗೆ ಹೋಗಿ ಬರುವ ನಾಯಿಯ ಮೈಮೇಲೆ ಎರಡೂ ಇರಬಹುದು. ಹಾಗಾಗಿ ಉಣುಗನ್ನು ಬರಿಗೈಯಲ್ಲಿ ಹಿಸುಕಬೇಡಿ. ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರಕ್ಕೆ ಎಳೆದು ಸೋಪಿನ ನೀರಿಗೆ ಹಾಕಿ.

ಎರ್ಲಿಕಿಯಾದಲ್ಲಿ ಸಾಮಾನ್ಯವಾಗಿ ಜ್ವರ ಇರುತ್ತದೆ. ನಾಯಿಯ ಮಾಮೂಲಿ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ಕೈಯಿಟ್ಟು ನೋಡಿ ಹೇಳುವುದಕ್ಕಾಗದು. ಡಿಜಿಟಲ್ ಥರ್ಮಾಮೀಟರಿನ ತುದಿಗೆ ಕೊಬ್ಬರಿ ಎಣ್ಣೆ ಸವರಿ ಗುದದ್ವಾರದಲ್ಲಿಟ್ಟೇ ನೋಡಬೇಕು. ಊಟ ಬಿಡುವುದು, ಒಸಡು ಬಿಳಿಚುವುದು, ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕೆ, ಮೂಗಿನಲ್ಲಿ ರಕ್ತ ಇವೂ ಬರುತ್ತವೆ. (ಮಳೆಗಾಲದಲ್ಲಿ ಒಂದೇ ಹೊಳ್ಳೆಯಿಂದ ರಕ್ತ ಬರುತ್ತಿದ್ದರೆ ಮೊದಲು ಟಾರ್ಚ್ ಬಿಟ್ಟು ನೋಡಿ. ಹಳ್ಳದ ನೀರು ಕುಡಿಯುವಾಗ ಮೂಗಿಗೆ ಹೊಕ್ಕ ಜಿಗಣೆಯೂ ಇರಬಹುದು.) ಗ್ರಂಥಿಗಳು ದಪ್ಪವಾಗುತ್ತವೆ, ಆದರೆ ಹೆಚ್ಚಾಗಿ ಮಾಮೂಲಿನ ಎರಡು ಪಟ್ಟಿನ ಆಸುಪಾಸು. ನಿಂಬೆಹಣ್ಣಿನಷ್ಟು, ಕೋಳಿಮೊಟ್ಟೆಯಷ್ಟು ದೊಡ್ಡದಾಗಿ ಎಲ್ಲ ಕಡೆ ಎದ್ದು, ಆದರೂ ನಾಯಿ ಲವಲವಿಕೆಯಿಂದ ಇದ್ದರೆ ಲಿಂಫೋಮಾದ ಕಡೆಗೇ ತೂಕ.

ಬಲೆ ಇರುವುದು ಇಲ್ಲಿ. ಹತ್ತು ನಿಮಿಷದ ರ‍್ಯಾಪಿಡ್ ಕಿಟ್‌ನಲ್ಲಿ ಎರಡು ಗೆರೆ ಮೂಡಿದರೆ ಎರ್ಲಿಕಿಯಾ ಎಂದು ಕಡತ ಮುಚ್ಚಿಬಿಡುತ್ತಾರೆ. ಆ ಕಿಟ್ ತೋರಿಸುವುದು ರೋಗಾಣುವನ್ನಲ್ಲ, ರೋಗಾಣುವಿನ ವಿರುದ್ಧ ಮೈ ಮಾಡಿಕೊಂಡ ಪ್ರತಿಕಾಯವನ್ನು. ಔಷಧ ಕೊಟ್ಟು ಗುಣವಾದ ಮೇಲೂ ಅದು ತಿಂಗಳುಗಟ್ಟಲೆ, ಕೆಲವು ನಾಯಿಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಉಣುಗು ಕಚ್ಚದ ನಾಯಿಯೇ ಸಿಗದ ಊರಿನಲ್ಲಿ ಈ ಎರಡು ಗೆರೆ 'ಈ ನಾಯಿಗೆ ಯಾವಾಗಲೋ ಸೋಂಕು ತಗುಲಿತ್ತು' ಎನ್ನುತ್ತದೆ, ಅಷ್ಟೆ. ಗಂಟಿಗೆ ಕಾರಣ ಅದೇ ಎಂದು ಹೇಳುವುದಿಲ್ಲ. ಎರ್ಲಿಕಿಯಾ ಪಾಸಿಟಿವ್ ಇರುವ ನಾಯಿಗೆ ಲಿಂಫೋಮಾವೂ ಇರಬಹುದು.

ರಕ್ತದ ರಿಪೋರ್ಟಿನಲ್ಲೂ ಎಡವುವ ಜಾಗಗಳಿವೆ. ಪ್ಲೇಟ್‌ಲೆಟ್ 2 ಲಕ್ಷದಿಂದ 5 ಲಕ್ಷ ಇರಬೇಕಾದದ್ದು ಮೆಷಿನ್‌ನಲ್ಲಿ 40 ಸಾವಿರ ಬಂದರೆ ಸ್ಲೈಡಿನ ಅಂಚನ್ನು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ರಕ್ತ ತೆಗೆಯುವಾಗ ತಡವಾಗಿದ್ದರೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗಿರುತ್ತವೆ, ಮೆಷಿನ್ ಅವನ್ನು ಎಣಿಸುವುದಿಲ್ಲ. ನಿಜಕ್ಕೂ ಕಡಿಮೆಯಿದ್ದರೂ ಅದರಿಂದ ತೀರ್ಮಾನವಾಗದು, ಮೂಳೆಮಜ್ಜೆಗೆ ಹೋದ ಲಿಂಫೋಮಾದಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಕಿವಿಯ ತುದಿಯ ರಕ್ತದಿಂದ ಒಂದು ಸ್ಲೈಡ್ ಮಾಡಿಸಿ, ಉಣುಗಿನಿಂದಲೇ ಹರಡಿ ಕೆಂಪು ರಕ್ತಕಣ ಒಡೆಯುವ ಬೆಬೇಸಿಯಾ ಎಂಬ ರೋಗಾಣುವನ್ನೂ ಹುಡುಕಿಸಿ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಅದು ಮೊದಲ ಅನುಮಾನ, ಎರ್ಲಿಕಿಯಾಗೆ ಕೊಡುವ ಡಾಕ್ಸಿಸೈಕ್ಲಿನ್ ಒಂದಕ್ಕೇ ಅದು ಬಗ್ಗುವುದಿಲ್ಲ.

ಎರ್ಲಿಕಿಯಾಗೆ ಡಾಕ್ಸಿಸೈಕ್ಲಿನ್ ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ 10 ಮಿ.ಗ್ರಾಂ.ನಂತೆ 28 ದಿನ. ಊಟದ ಜೊತೆ ಕೊಟ್ಟು ಮೇಲೆ ನೀರು ಕುಡಿಸಬೇಕು. ಒಣ ಮಾತ್ರೆ ಅನ್ನನಾಳದಲ್ಲಿ ನಿಂತರೆ ಅಲ್ಲೇ ಹುಣ್ಣಾಗುತ್ತದೆ. ರೋಗ ಹೊಸದಾಗಿದ್ದರೆ ಒಂದರಿಂದ ಮೂರು ದಿನದಲ್ಲಿ ಜ್ವರ ಬಿಟ್ಟು ಹಸಿವು ಮರಳುತ್ತದೆ. ಡಾಕ್ಸಿ ಶುರು ಮಾಡುವುದಕ್ಕೆ ನಮ್ಮ ತಕರಾರಿಲ್ಲ, ಸೂಜಿ ಪರೀಕ್ಷೆಗೆ ಅದು ಅಡ್ಡಿಯಲ್ಲ. ತಕರಾರಿರುವುದು '28 ದಿನ ನೋಡೋಣ' ಎಂಬುದಕ್ಕೆ. ಚಿಕಿತ್ಸೆಯಿಲ್ಲದ ಲಿಂಫೋಮಾ ನಾಯಿಗೆ ಸಾಮಾನ್ಯವಾಗಿ ಉಳಿದಿರುವುದೇ ನಾಲ್ಕರಿಂದ ಆರು ವಾರ. ಡಾಕ್ಸಿ ಶುರು ಮಾಡಿದ ದಿನವೇ ಸೂಜಿಯೂ ಆಗಲಿ.

ಸೂಜಿ ಪರೀಕ್ಷೆ ಕೆಡುವುದು ಎಲ್ಲಿ

ಇದಕ್ಕೆ ದೊಡ್ಡ ಆಸ್ಪತ್ರೆ ಬೇಡ. ಹೊಸನಗರವೋ ತೀರ್ಥಹಳ್ಳಿಯೋ, ತಾಲೂಕಿನ ಪಶು ಆಸ್ಪತ್ರೆಯಲ್ಲಿ ಐದು ನಿಮಿಷದಲ್ಲಿ ಮುಗಿಯುತ್ತದೆ. ಮಂಪರು ಕೊಡುವ ಅಗತ್ಯವೂ ಸಾಮಾನ್ಯವಾಗಿ ಬೀಳುವುದಿಲ್ಲ. ಬೇಕಾದದ್ದು 22 ಅಥವಾ 23 ಗೇಜ್ ಸೂಜಿ, ಸಿರಿಂಜ್, ಎಣ್ಣೆ ಪಸೆಯಿಲ್ಲದ ಆರು ಗಾಜಿನ ಸ್ಲೈಡ್. ಇಷ್ಟು ಸರಳವಾದ ಕೆಲಸವೇ 'ಸ್ಯಾಂಪಲ್ ಸರಿಯಿಲ್ಲ' ಎಂದು ವಾಪಸು ಬರುವುದು ಈ ಕಾರಣಗಳಿಗೆ:

ದವಡೆಯ ಗಂಟನ್ನೇ ಆರಿಸುವುದು. ಕೈಗೆ ಸುಲಭವಾಗಿ ಸಿಗುವುದು ಅದೇ, ಆದರೆ ಹಲ್ಲಿನ ಕೊಳೆಯಿಂದ ಅದು ಹೆಚ್ಚಾಗಿ ಕೆರಳಿರುತ್ತದೆ, ಪಕ್ಕದ ಜೊಲ್ಲಿನ ಗ್ರಂಥಿಗೆ ಸೂಜಿ ಹೋಗುವ ಸಂಭವವೂ ಇದೆ. ಹೆಗಲ ಮುಂದಿನದು ಒಂದು, ಮಂಡಿಯ ಹಿಂದಿನದು ಒಂದು ಆರಿಸಿ. ತೀರಾ ದೊಡ್ಡ ಗಂಟಾದರೆ ನಡುಭಾಗ ಸತ್ತಿರುತ್ತದೆ, ಅಂಚಿನ ಕಡೆ ಚುಚ್ಚಬೇಕು.

ಸಿರಿಂಜಿನಿಂದ ಜೋರಾಗಿ ಎಳೆಯುವುದು. ಲಿಂಫೋಮಾದ ಕಣಗಳು ಬಹಳ ಸೂಕ್ಷ್ಮ, ಎಳೆತಕ್ಕೆ ಒಡೆದು ಸ್ಲೈಡಿನಲ್ಲಿ ಬರೀ ನೇರಳೆ ಗೆರೆ ಕಾಣುತ್ತದೆ. ಗಂಟನ್ನು ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿದು, ಸಿರಿಂಜ್ ಇಲ್ಲದೆ ಬರೀ ಸೂಜಿಯನ್ನು ಹೊರಗೆ ತೆಗೆಯದೆ ಒಳಗೊಳಗೇ ಆರೆಂಟು ಸಲ ಆಡಿಸಿದರೆ ಸಾಕು. ಆಮೇಲೆ ಗಾಳಿ ತುಂಬಿದ ಸಿರಿಂಜ್ ಜೋಡಿಸಿ ಸ್ಲೈಡಿನ ಮೇಲೆ ಒಂದು ಹನಿ ಊದಿ, ಇನ್ನೊಂದು ಸ್ಲೈಡನ್ನು ಅದರ ಭಾರದಲ್ಲೇ ಇಟ್ಟು ಒತ್ತದೆ ಜಾರಿಸಬೇಕು. ಜಿಡ್ಡಾಗಿ ಹೊಳೆಯುತ್ತಾ ಒಣಗದೇ ಉಳಿದರೆ ಬಂದಿರುವುದು ಕೊಬ್ಬು, ಮತ್ತೆ ಚುಚ್ಚಬೇಕು.

ಮಳೆಗಾಲದ ತೇವ. ಜೂನ್‌ನಿಂದ ಆಗಸ್ಟ್ ತನಕ ನಮ್ಮ ಕಡೆ ಒಗೆದ ಬಟ್ಟೆಯೇ ಮೂರು ದಿನಕ್ಕೂ ಒಣಗದು, ಸ್ಲೈಡ್ ಒಣಗೀತೇ? ನಿಧಾನವಾಗಿ ಒಣಗಿದ ಸ್ಲೈಡಿನಲ್ಲಿ ಕಣಗಳು ಮುದುಡಿ ಗುರುತೇ ಸಿಗುವುದಿಲ್ಲ. ಹನಿ ಸವರಿದ ಕ್ಷಣವೇ ಹೇರ್ ಡ್ರೈಯರ್‌ನ ಕಡಿಮೆ ಬಿಸಿಯಲ್ಲಿ ಒಂದು ಮೊಳ ದೂರದಿಂದ ಒಣಗಿಸಿ.

ಫಾರ್ಮಲಿನ್. ಕತ್ತರಿಸಿ ತೆಗೆದ ಗ್ರಂಥಿ ಕೆಡದಂತೆ ಇಡುವ ದ್ರವ ಇದು. ಸ್ಲೈಡಿನ ಪಕ್ಕದಲ್ಲಿ ಫಾರ್ಮಲಿನ್ ಡಬ್ಬಿ ಇಟ್ಟು ಒಂದೇ ಪಾರ್ಸೆಲ್ ಮಾಡಿದರೆ ಅದರ ಆವಿಗೇ ಸ್ಲೈಡ್ ಹಾಳು, ಬಣ್ಣ ಹಿಡಿಯುವುದಿಲ್ಲ. ಬೇರೆ ಬೇರೆ ಕಟ್ಟಿ. ಸ್ಲೈಡಿನ ಒರಟು ತುದಿಯಲ್ಲಿ ಪೆನ್ಸಿಲಿನಿಂದ ನಾಯಿಯ ಹೆಸರು, ಯಾವ ಗ್ರಂಥಿ, ತಾರೀಕು ಬರೆಯಿರಿ. ಪೆನ್ನಿನ ಶಾಯಿ ಬಣ್ಣ ಹಾಕುವಾಗ ತೊಳೆದು ಹೋಗುತ್ತದೆ.

ಲೀಶ್ಮನ್ ಅಥವಾ ಜೀಮ್ಸಾ ಬಣ್ಣ ಹಾಕಿದ ಮೇಲೆ ಅಳತೆಗೋಲು ಕೆಂಪು ರಕ್ತಕಣವೇ. ಸೋಂಕಿಗೆ ಕೆರಳಿದ ಗ್ರಂಥಿಯಲ್ಲಿ ಚಿಕ್ಕ ಲಿಂಫೋಸೈಟ್‌ಗಳೇ ಹೆಚ್ಚು, ಅವುಗಳ ನಡುವೆ ಪ್ಲಾಸ್ಮಾ ಕಣಗಳು, ಬೇರೆ ಬೇರೆ ಗಾತ್ರದವು, ಸಂತೆಯಂತೆ ಬೆರೆತಿರುತ್ತವೆ. ಲಿಂಫೋಮಾದಲ್ಲಿ ಅರ್ಧಕ್ಕಿಂತ ಹೆಚ್ಚು ಕಣಗಳು ಒಂದೇ ಅಚ್ಚಿನಲ್ಲಿ ತೆಗೆದಂತೆ ದೊಡ್ಡವು. ಅವುಗಳ ಕೇಂದ್ರವೊಂದೇ ಕೆಂಪು ಕಣದ ಎರಡು ಪಟ್ಟು ಅಥವಾ ಹೆಚ್ಚು.

ಸ್ಲೈಡ್ ಅಸ್ಪಷ್ಟವಾಗಿದ್ದರೆ, ಅಥವಾ ಗಂಟುಗಳು ವರ್ಷದಿಂದ ನಿಧಾನವಾಗಿ ಬೆಳೆಯುತ್ತಿದ್ದರೆ, ಒಂದು ಗ್ರಂಥಿಯನ್ನು ಇಡಿಯಾಗಿ ತೆಗೆದು ಹತ್ತು ಪಟ್ಟು ಫಾರ್ಮಲಿನ್‌ನಲ್ಲಿ ಬಯಾಪ್ಸಿಗೆ ಕಳಿಸಬೇಕು. ಗೋಲ್ಡನ್ ರಿಟ್ರೀವರ್‌ಗಳಲ್ಲಿ ಕಾಣುವ ಟಿ-ಝೋನ್ ಎಂಬ ಮಂದಗತಿಯ ಬಗೆಯಲ್ಲಿ ನಾಯಿ ವರ್ಷಗಟ್ಟಲೆ ಬದುಕುವುದುಂಟು, ಅಂಥದ್ದಕ್ಕೆ ಭಾರಿ ಕೀಮೋ ಕೊಡುವುದು ಅನ್ಯಾಯ. ಲಿಂಫೋಸೈಟ್‌ಗಳಲ್ಲಿ ಬಿ, ಟಿ ಎಂದು ಎರಡು ಮುಖ್ಯ ಬಗೆ. ಲಿಂಫೋಮಾ ಬಿ-ಕಣದ್ದೋ ಟಿ-ಕಣದ್ದೋ ಎಂದು ಗುರುತಿಸುವ ಪರೀಕ್ಷೆಗೆ ಮಾದರಿಯನ್ನು ದೊಡ್ಡ ಪ್ರಯೋಗಾಲಯಕ್ಕೆ ಕಳಿಸಬೇಕಾದೀತು. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಹೋಗುವುದಾದರೆ ಯಾವ ಪರೀಕ್ಷೆ ಅಲ್ಲೇ ಆಗುತ್ತದೆ, ಯಾವುದನ್ನು ಹೊರಗೆ ಕಳಿಸುತ್ತಾರೆ ಎಂದು ಮೊದಲೇ ವಿಚಾರಿಸಿ ಹೊರಡಿ.

ಗಂಟಿಲ್ಲದೆ ಬರುವವು

ನಾಯಿ ನೀರು ಜಾಸ್ತಿ ಕುಡಿಯುತ್ತಿದೆ ಅನಿಸಿದರೆ ಅಳೆಯಿರಿ. ದನದ ತೊಟ್ಟಿ, ಹಳ್ಳ ಎಲ್ಲಾ ಕಡೆ ಬಾಯಿ ಹಾಕುವ ನಾಯಿಯನ್ನು ಒಂದು ದಿನ ಕಟ್ಟಿ, ಲೀಟರ್ ಲೆಕ್ಕದಲ್ಲಿ ನೀರಿಡಿ. 24 ತಾಸಿನಲ್ಲಿ ಪ್ರತಿ ಕೆ.ಜಿ. ತೂಕಕ್ಕೆ 100 ಮಿ.ಲೀ.ಗಿಂತ ಹೆಚ್ಚಾದರೆ, ಅಂದರೆ 20 ಕೆ.ಜಿ.ಯ ನಾಯಿ 2 ಲೀಟರ್ ದಾಟಿದರೆ, ಅದು ರೋಗಲಕ್ಷಣ. ಟಿ-ಕಣದ ಲಿಂಫೋಮಾದಲ್ಲಿ ರಕ್ತದ ಕ್ಯಾಲ್ಸಿಯಂ ಏರಿ ಹೀಗಾಗುತ್ತದೆ, ಬಿಟ್ಟರೆ ಮೂತ್ರಪಿಂಡ ಕೆಡುತ್ತದೆ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಬೆದೆ ಮುಗಿದು ಒಂದೆರಡು ತಿಂಗಳಾದ ಹೆಣ್ಣುನಾಯಿಯ ಗರ್ಭಕೋಶದ ಕೀವು ಇವನ್ನೂ ನೋಡಬೇಕು. ಕ್ಯಾಲ್ಸಿಯಂ ಪರೀಕ್ಷೆಗೆ ನೇರಳೆ ಮುಚ್ಚಳದ ಟ್ಯೂಬಿನ ರಕ್ತ ಕೊಡಬೇಡಿ. ಅದರೊಳಗೆ ರಕ್ತ ಹೆಪ್ಪುಗಟ್ಟದಂತೆ ಹಾಕಿರುವ ಇಡಿಟಿಎ ಕ್ಯಾಲ್ಸಿಯಂ ಅನ್ನೇ ಹಿಡಿದುಕೊಂಡು ಸುಳ್ಳು ಅಂಕಿ ತೋರಿಸುತ್ತದೆ. ಸೀರಂ, ಅಂದರೆ ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿ, ಬೇಕು.

ಎದೆಯೊಳಗಿನ ಬಗೆಯಲ್ಲಿ ಏದುಸಿರು, ಮುಖ ಮತ್ತು ಮುಂಗಾಲಿನ ಬಾವು. ಎಕ್ಸ್‌ರೇಯಲ್ಲಿ ತಿಳಿಯುತ್ತದೆ. ಕರುಳಿನದರಲ್ಲಿ ವಾಂತಿ, ಭೇದಿ, ತೂಕ ಇಳಿಕೆ. ಇದನ್ನು ಜಂತುಹುಳ ಎಂದುಕೊಂಡು ಮೂರು ಸಲ ಮಾತ್ರೆ ಕೊಟ್ಟಿರುತ್ತಾರೆ. ಸಗಣಿ ಪರೀಕ್ಷೆಯಲ್ಲಿ ಮೊಟ್ಟೆಯಿಲ್ಲ, ರಕ್ತದ ಅಲ್ಬುಮಿನ್ ಎಂಬ ಪ್ರೋಟೀನ್ ಇಳಿದಿದೆ ಎಂದರೆ ಅಲ್ಟ್ರಾಸೌಂಡ್ ಮಾಡಿಸಿ. ಚರ್ಮದ್ದು ವಯಸ್ಸಾದ ನಾಯಿಯಲ್ಲಿ ಕಜ್ಜಿಯ ವೇಷ ಹಾಕಿ ಬರುತ್ತದೆ: ಹೊಟ್ಟು, ಕೆಂಪು, ತುಟಿ ಮೂಗಿನ ಕಪ್ಪು ಬಣ್ಣ ಮಾಸುವುದು. ಚರ್ಮ ಕೆರೆದು ನೋಡಿದಾಗ ಹುಳವಿಲ್ಲ, ಕಜ್ಜಿ ಔಷಧಕ್ಕೂ ಜಗ್ಗುತ್ತಿಲ್ಲ ಎಂದಾದರೆ ಬಯಾಪ್ಸಿಯೇ ದಾರಿ.

ಯಾವ ನಾಯಿಗೆ, ಯಾಕೆ

ಗಟ್ಟಿಯಾಗಿ ಹೇಳಬಹುದಾದದ್ದು ತಳಿ ಮತ್ತು ವಯಸ್ಸು. ಬಾಕ್ಸರ್, ಗೋಲ್ಡನ್ ರಿಟ್ರೀವರ್, ರಾಟ್‌ವೀಲರ್, ಬುಲ್‌ಮಾಸ್ಟಿಫ್, ಬ್ಯಾಸೆಟ್ ಹೌಂಡ್, ಸೇಂಟ್ ಬರ್ನಾರ್ಡ್ ಈ ತಳಿಗಳಲ್ಲಿ ಹೆಚ್ಚು. ಬಾಕ್ಸರ್‌ಗೆ ಬಂದರೆ ಬಹುಪಾಲು ಟಿ-ಕಣದ್ದೇ. ಮಧ್ಯವಯಸ್ಸು ದಾಟಿದವುಗಳಲ್ಲಿ ಜಾಸ್ತಿ. ಊರುನಾಯಿಗೆ ಬರುವುದೇ ಇಲ್ಲ ಎಂದೇನಿಲ್ಲ. ಮರಿ ಕೊಳ್ಳುವಾಗ ತಾಯಿತಂದೆ ನಾಯಿಗಳಿಗೆ, ಒಡಹುಟ್ಟಿದವಕ್ಕೆ ಗಂಟಿನ ಕಾಯಿಲೆ ಬಂದಿತ್ತೇ ಎಂದು ಕೇಳುವುದು ತಪ್ಪಲ್ಲ.

ರಾಸಾಯನಿಕಗಳ ವಿಷಯ ಇಷ್ಟು ಖಚಿತವಲ್ಲ. ಅಮೆರಿಕದಲ್ಲಿ 1991ರಲ್ಲಿ ಪ್ರಕಟವಾದ ಅಧ್ಯಯನವೊಂದು ಹುಲ್ಲಿಗೆ 2,4-ಡಿ ಕಳೆನಾಶಕ ಹೊಡೆಯುವ ಮನೆಗಳ ನಾಯಿಗಳಲ್ಲಿ ಲಿಂಫೋಮಾ ಹೆಚ್ಚು ಎಂದಿತು. 1999ರಲ್ಲಿ ಅದೇ ಮಾಹಿತಿಯನ್ನು ಮತ್ತೆ ಜಾಲಾಡಿದವರಿಗೆ ಆ ನಂಟು ಗಟ್ಟಿಯಾಗಿ ಕಾಣಲಿಲ್ಲ. ಇಟಲಿಯ ಅಧ್ಯಯನವೊಂದು ಕೈಗಾರಿಕಾ ಪ್ರದೇಶದ ವಾಸ, ಬಣ್ಣ ಮತ್ತು ದ್ರಾವಕಗಳ ಸಹವಾಸದ ಕಡೆ ಬೆರಳು ತೋರಿಸಿದೆ. ಸಾಬೀತಾಗಿಲ್ಲ ಎಂದ ಮಾತ್ರಕ್ಕೆ ಗದ್ದೆಗೆ ಕಳೆ ಔಷಧಿ ಹೊಡೆಯುವಾಗ ನಾಯಿಯನ್ನು ಬಿಡಬೇಕಾಗಿಲ್ಲ. ಅದು ನೆಲದ ಹತ್ತಿರ ಉಸಿರಾಡುತ್ತದೆ, ಬರಿಗಾಲಲ್ಲಿ ನಡೆದು ಆಮೇಲೆ ಪಾದ ನೆಕ್ಕುತ್ತದೆ. ಹೊಡೆದ ಜಾಗ ಪೂರ್ತಿ ಒಣಗುವ ತನಕ ಕಟ್ಟಿಹಾಕಿ, ಪಾದ ತೊಳೆಯಿರಿ.

ಅಡಿಕೆಗೆ ಹೊಡೆಯುವ ಕೊಳೆ ಔಷಧಿಯ ಬಗ್ಗೆ ಕೇಳುವವರು ಬಹಳ. 100 ಲೀಟರ್ ನೀರಿಗೆ ಮೈಲುತುತ್ತು 1 ಕೆ.ಜಿ., ಸುಣ್ಣ 1 ಕೆ.ಜಿ. ಬೆರೆಸುವ ಬೋರ್ಡೋ ದ್ರಾವಣದಿಂದ ನಾಯಿಗೆ ಲಿಂಫೋಮಾ ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ. ಆದರೆ ಮೈಲುತುತ್ತು ಕರಗಿಸಿಟ್ಟ ಡ್ರಮ್ಮಿಗೆ ಬಾಯಿ ಹಾಕಿದ ನಾಯಿಗೆ ವಾಂತಿಯಾಗಿ ಪಿತ್ತಜನಕಾಂಗಕ್ಕೆ ಪೆಟ್ಟು ಬೀಳುತ್ತದೆ. ಡ್ರಮ್ ಮುಚ್ಚಿಡಿ.

ಲಿಂಫೋಮಾ ಇನ್ನೊಂದು ನಾಯಿಗಾಗಲಿ ಮನುಷ್ಯರಿಗಾಗಲಿ ಅಂಟುವುದಿಲ್ಲ. ಬೆಕ್ಕಿನಲ್ಲಿ ಇದಕ್ಕೆ ಕಾರಣವಾಗುವ ವೈರಸ್ ಇದೆ, ನಾಯಿಯಲ್ಲಿ ಅಂಥದ್ದು ಸಾಬೀತಾಗಿಲ್ಲ. ಉಣುಗು ಜ್ವರವೇ ಮುಂದೆ ಲಿಂಫೋಮಾ ಆಗುತ್ತದೆ ಎಂಬುದಕ್ಕೂ ಗಟ್ಟಿ ಪುರಾವೆಯಿಲ್ಲ. 'ನಾನೇನಾದರೂ ತಪ್ಪು ಊಟ ಹಾಕಿದೆನಾ' ಎಂದು ಕೊರಗುವವರಿಗೆ ಹೇಳಬೇಕಾದದ್ದು: ಇಲ್ಲ.

ಲಿಂಫೋಮಾ ಎಂದು ಖಚಿತವಾದ ಮೇಲೆ

ಬಹುಪಾಲು ನಾಯಿಗಳು ಬರುವುದೇ ಮೂರನೆಯ ಅಥವಾ ನಾಲ್ಕನೆಯ ಹಂತದಲ್ಲಿ, ಅಂದರೆ ಗ್ರಂಥಿಗಳೆಲ್ಲ ಊದಿ, ಅಥವಾ ಗುಲ್ಮ, ಪಿತ್ತಜನಕಾಂಗಕ್ಕೂ ಹೋದ ಮೇಲೆ. ಅದರಿಂದ ಧೈರ್ಯಗೆಡಬೇಕಿಲ್ಲ. ಹಂತಕ್ಕಿಂತ ಮುಖ್ಯ ಎರಡು ಸಂಗತಿ: ಬಿ-ಕಣವೋ ಟಿ-ಕಣವೋ, ನಾಯಿ ಇನ್ನೂ ಗೆಲುವಾಗಿದೆಯೋ ಇಲ್ಲವೋ.

ಸೈಕ್ಲೋಫಾಸ್ಫಮೈಡ್, ಡಾಕ್ಸೋರುಬಿಸಿನ್, ವಿನ್‌ಕ್ರಿಸ್ಟಿನ್, ಪ್ರೆಡ್ನಿಸೊಲೋನ್ ನಾಲ್ಕನ್ನೂ ಸರದಿಯಂತೆ ಕೊಡುವ ಕೀಮೋ ನಾಲ್ಕರಿಂದ ಆರು ತಿಂಗಳ ಕೆಲಸ. ಬಿ-ಕಣದ್ದಾದರೆ 100ರಲ್ಲಿ 80ಕ್ಕೂ ಹೆಚ್ಚು ನಾಯಿಗಳಲ್ಲಿ ಗಂಟು ಮಾಯವಾಗುತ್ತದೆ, ಸಿಗುವ ಆಯಸ್ಸು ಸುಮಾರು ಒಂದು ವರ್ಷ. ಟಿ-ಕಣದ್ದಾದರೆ ಆರರಿಂದ ಒಂಬತ್ತು ತಿಂಗಳು. ಪೂರ್ತಿ ವಾಸಿಯಾಗುವುದು ಅಪರೂಪ, ಇದನ್ನು ಮೊದಲೇ ತಿಳಿದು ನಿರ್ಧರಿಸಿ. ವಾರ ವಾರ ಓಡಾಡಲಾಗದವರು ಮೂರು ವಾರಕ್ಕೊಮ್ಮೆ ಡಾಕ್ಸೋರುಬಿಸಿನ್ ಒಂದನ್ನೇ ಕೊಡಿಸುವ ದಾರಿಯಿದೆ, ಫಲ ಸ್ವಲ್ಪ ಕಡಿಮೆ. ಈ ಔಷಧ ರಕ್ತನಾಳದಿಂದ ಹೊರಗೆ ಸೋರಿದರೆ ಕಾಲಿನ ಮಾಂಸವೇ ಕೊಳೆಯುತ್ತದೆ, ಕೊಟ್ಟು ರೂಢಿಯಿರುವವರಲ್ಲೇ ಕೊಡಿಸಿ. ಕೀಮೋ ಬೇಡವೆಂದರೆ ಪ್ರೆಡ್ನಿಸೊಲೋನ್ ಒಂದರಿಂದ ಎರಡು ತಿಂಗಳು ನೆಮ್ಮದಿ ಕೊಡುತ್ತದೆ, ಅದೂ ಗೌರವದ ಆಯ್ಕೆಯೇ. ಅದರ ಜೊತೆ ಮೆಲೋಕ್ಸಿಕ್ಯಾಂನಂಥ ನೋವಿನ ಔಷಧ ಸೇರಿಸಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗುತ್ತದೆ, ಸಗಣಿ ಟಾರಿನಂತೆ ಕಪ್ಪಾಗುತ್ತದೆ. ಪ್ರೆಡ್ನಿಸೊಲೋನ್ ಅನ್ನು ಥಟ್ಟನೆ ನಿಲ್ಲಿಸಲೂಬಾರದು.

ಕೀಮೋ ಕೊಡಿಸಿದ ಮೇಲೆ ಮೂರು ದಿನ ಮೂತ್ರ, ಸಗಣಿ, ವಾಂತಿಯನ್ನು ಕೈಗವಸು ಹಾಕಿಕೊಂಡೇ ತೆಗೆಯಿರಿ. ಬಸುರಿಯರು, ಚಿಕ್ಕ ಮಕ್ಕಳು ಮುಟ್ಟಬಾರದು. ಸೈಕ್ಲೋಫಾಸ್ಫಮೈಡ್ ಅನ್ನು ಬೆಳಿಗ್ಗೆಯೇ ಕೊಟ್ಟು ದಿನವಿಡೀ ನೀರಿಟ್ಟು ಮತ್ತೆ ಮತ್ತೆ ಮೂತ್ರಕ್ಕೆ ಬಿಡಿ, ಇಲ್ಲದಿದ್ದರೆ ಮೂತ್ರಕೋಶ ಕೆರಳಿ ರಕ್ತ ಬರುತ್ತದೆ. ಏಳರಿಂದ ಹತ್ತನೆಯ ದಿನದ ನಡುವೆ ಬಿಳಿ ರಕ್ತಕಣ ಅತಿ ಕೆಳಗೆ ಇಳಿದಿರುತ್ತದೆ. ಆ ದಿನಗಳಲ್ಲಿ ಬೆಳಿಗ್ಗೆ ಸಂಜೆ ಥರ್ಮಾಮೀಟರ್ ಇಡಿ. 103 ದಾಟಿ ನಾಯಿ ಮಂಕಾಗಿದ್ದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಎಂದು ಕಾಯಬೇಡಿ, ಆ ರಾತ್ರಿಯೇ ಆಂಟಿಬಯೋಟಿಕ್ ಮತ್ತು ಡ್ರಿಪ್ ಬೇಕು. ಮಳೆಗಾಲದಲ್ಲಿ ಹೊಳೆಯಾಚೆಯ ಮನೆಯವರು ಆ ನಾಲ್ಕು ದಿನಕ್ಕೆ ನಾಯಿಯನ್ನು ಪೇಟೆಯ ನೆಂಟರ ಮನೆಯಲ್ಲಿ ಇರಿಸಿಕೊಳ್ಳುವುದು ಒಳ್ಳೆಯದು.